ಹಳೇ ರೋಮ್‌ನಲ್ಲಿ ಜನರೆದುರು ಕಾದಾಡುತ್ತಿದ್ದ ಗ್ಲಾಡಿಯೇಟರ್‌ಗಳ ಕಲಾಕೃತಿಯಲ್ಲಿ ಯಾರು ಯಾರು ಅಂತ ಗುರುತಿಸೋದು ಹೇಗೆ?

ರೋಮನ್ ಮೊಸಾಯಿಕ್ (ಬಣ್ಣದ ಕಲ್ಲಿನ ಚೂರು ಜೋಡಿಸಿ ಮಾಡಿದ ಚಿತ್ರ) ನೋಡುವಾಗ ಮೊದಲು ಕತ್ತಿ ನೋಡಬೇಡಿ, ತಲೆ ನೋಡಿ. ಬರಿತಲೆ, ಕೈಯಲ್ಲಿ ಬಲೆ, ತ್ರಿಶೂಲ ಇದ್ದರೆ ಅವನು ರೆಟಿಯಾರಿಯಸ್ ಅನ್ನೋ ಬಗೆಯ ಗ್ಲಾಡಿಯೇಟರ್. ಎಡ ಭುಜದ ಮೇಲೆ ಲೋಹದ ತಗಡೂ ಇರುತ್ತದೆ. ಅವನ ಎದುರಾಳಿ ಸೆಕ್ಯೂಟರ್‌ನ ಶಿರಸ್ತ್ರಾಣ ಮೊಟ್ಟೆಯ ಹಾಗೆ ನುಣುಪು, ಬಲೆ ಸಿಕ್ಕಿಕೊಳ್ಳಬಾರದು ಅಲ್ವಾ, ಆದರೆ ಕಣ್ಣಿಗೆ ಎರಡೇ ಪುಟ್ಟ ತೂತು, ಅದರೊಳಗೇ ಏದುಸಿರು ಬಿಡುತ್ತಾ ಹೊಡೆದಾಡಬೇಕು ಅಂದರೆ ಅವನ ಪಾಡು ಊಹಿಸಿಕೊಳ್ಳಿ. ಬಾಗಿದ ಕತ್ತಿ, ಚಿಕ್ಕ ಗುರಾಣಿ ಇದ್ದರೆ ಥ್ರೇಸಿಯನ್ ಅನ್ನೋ ಇನ್ನೊಂದು ಬಗೆ. ಉದ್ದ ಕೋಲು ಹಿಡಿದವನು ಸುಮ್ನೆ ನಿಂತಿಲ್ಲ, ಅವನೇ ರೆಫರಿ.

ಆಮೇಲೆ ಚಿತ್ರದಲ್ಲಿ ಗ್ಲಾಡಿಯೇಟರ್‌ಗಳ ಹೆಸರು ಬರೆದಿದ್ದರೆ ಅದರ ಪಕ್ಕ ನೋಡಿ. 1834ರಲ್ಲಿ ಸಿಕ್ಕ, ಈಗ ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿರುವ ಮೊಸಾಯಿಕ್‌ನಲ್ಲಿ ಕೆಲವು ಹೆಸರುಗಳ ಪಕ್ಕ ಗೆರೆ ಎಳೆದ ಸೊನ್ನೆ ಇದೆ. ಅದಿದ್ದರೆ ಆಳು ಸತ್ತ ಅಂತ.