ಮೊದಲು ಕಾಲು ನೋಡುತ್ತೇನೆ

ಹೃದಯದ ಕಟ್ಟಿಕೊಂಡ ನಾಳವನ್ನು ದಾಟಿ ರಕ್ತ ಹರಿಯುವಂತೆ ಕಾಲಿನ, ಎದೆಯ ಅಥವಾ ಕೈಯ ನಾಳವೊಂದನ್ನು ಹೊಲಿಯುವುದೇ ಬೈಪಾಸ್ ಶಸ್ತ್ರಚಿಕಿತ್ಸೆ. ಅದರ ಮುನ್ನಾದಿನ ಸಂಜೆ ವಾರ್ಡಿಗೆ ಹೋಗಿ ರೋಗಿಯನ್ನು ಹಾಸಿಗೆಯಿಂದ ಇಳಿಸಿ ನಿಲ್ಲಿಸುತ್ತೇನೆ. ಪಂಚೆಯನ್ನು ಮೇಲೆತ್ತಿ ಕಟ್ಟಲು ಹೇಳಿ ಎರಡೂ ಕಾಲುಗಳನ್ನು ಮುಂದಿನಿಂದ, ಹಿಂದಿನಿಂದ ನೋಡುತ್ತೇನೆ. ಮಲಗಿದಾಗ ಅಡಗಿರುವ, ಉಬ್ಬಿ ಸುರುಳಿಯಾದ ವೆರಿಕೋಸ್ ನಾಳಗಳು ನಿಂತಾಗ ಎದ್ದು ಕಾಣುತ್ತವೆ. ಮೈಸೂರಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹೀಗೆ ನೋಡದೆ ಹೋದೆ. ಕಾಲು ಕೊಯ್ದ ಮೇಲೆ ಸಿಕ್ಕಿದ್ದು ಗಂಟುಗಂಟಾಗಿ ಉಬ್ಬಿದ, ಹೃದಯಕ್ಕೆ ಹೊಲಿಯಲಾಗದ ನಾಳ. ಇನ್ನೊಂದು ಕಾಲನ್ನೂ ಕೊಯ್ಯಬೇಕಾಯಿತು. ಆ ರೋಗಿಗೆ ಕೊಟ್ಟ ಎರಡನೆಯ ಗಾಯ ನನ್ನ ಮನಸ್ಸಿನಿಂದ ಹೋಗಿಲ್ಲ.

ಹೃದಯದ ಮುಂಭಾಗದಲ್ಲಿ ಇಳಿಯುವ ಎಲ್‌ಎಡಿ ನಾಳದ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ. ಎದೆಗೂಡಿನ ಒಳಗೋಡೆಗೆ ಅಂಟಿಕೊಂಡಿರುವ ಎಡ ಅಪಧಮನಿ, ನಾವು ಲೀಮಾ ಎನ್ನುವುದು, ಅದಕ್ಕೇ ಮೀಸಲು. 10 ವರ್ಷಗಳ ನಂತರವೂ ನೂರಕ್ಕೆ ಸುಮಾರು 90 ಲೀಮಾಗಳು ತೆರೆದಿರುತ್ತವೆ. ಕಾಲಿನ ನಾಳಗಳಲ್ಲಿ ಅರ್ಧದ ಹತ್ತಿರ ಅಷ್ಟರಲ್ಲಿ ಮುಚ್ಚಿರುತ್ತವೆ. 1967ರಲ್ಲಿ ರೆನೆ ಫವಲೊರೊ ಕಾಲಿನ ನಾಳದ ಬೈಪಾಸ್‌ಗೆ ದಾರಿ ಮಾಡಿಕೊಟ್ಟ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರೇ, ಲೀಮಾ ಪಡೆದವರು ಹೆಚ್ಚು ಕಾಲ ಬದುಕುತ್ತಾರೆಂದು 1986ರಲ್ಲಿ ತೋರಿಸಿದರು.

ಕಷ್ಟವಿರುವುದು ಹೃದಯದ ಉಳಿದ ನಾಳಗಳಿಗೆ ಯಾವುದನ್ನು ಹೊಲಿಯುವುದು ಎಂಬಲ್ಲಿ. ಮಂಡ್ಯದ ಕಡೆಯ ಕಬ್ಬು ಕಡಿಯುವ ರೈತರೊಬ್ಬರು ಬಂದಿದ್ದರು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿಲ್ಲ. ಎದೆಯ ಎರಡೂ ಬದಿಯ ಅಪಧಮನಿಗಳನ್ನು ತೆಗೆದರೆ ಎದೆಮೂಳೆಗೆ ರಕ್ತ ಕಡಿಮೆಯಾಗಿ ಗಾಯ ಕೀವಾಗುವ ಭಯ. ಆ ದಾರಿ ಬಿಟ್ಟೆ. ಬಲ ಮಣಿಕಟ್ಟಿನ ನಾಳದೊಳಗೆ ಕೊಳವೆ ತೂರಿಸಿ ಹೃದಯದ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಂ ಆಗಿತ್ತು, ಒಳಪದರಕ್ಕೆ ಪೆಟ್ಟಾಗಿರಬಹುದಾದ ಆ ನಾಳ ನನಗೆ ಬೇಡ. ಉಳಿದದ್ದು ಎಡಗೈ.

ಮುಷ್ಟಿ ಬಿಗಿಹಿಡಿಯಲು ಹೇಳಿ ಮಣಿಕಟ್ಟಿನ ಎರಡೂ ನಾಡಿಗಳನ್ನು ಒತ್ತಿಹಿಡಿದೆ. ಮುಷ್ಟಿ ತೆರೆದಾಗ ಕಾಯಿಕಟ್ಟಿದ ಅಂಗೈ ಸುಣ್ಣದಂತೆ ಬಿಳಿಚಿತ್ತು. ಕಿರುಬೆರಳಿನ ಕಡೆಯ ನಾಡಿಯನ್ನು ಮಾತ್ರ ಬಿಟ್ಟೆ. ಐದು ಎಣಿಸುವಷ್ಟರಲ್ಲಿ ಬೆರಳ ತುದಿಯವರೆಗೂ ಕೆಂಪೇರಿತು. ಹೆಬ್ಬೆರಳ ಕಡೆಯ ನಾಳ ತೆಗೆದರೂ ಕೈಗೆ ಈ ಒಂದು ನಾಡಿ ಸಾಕು ಎಂದರ್ಥ. ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆಯೂ ಅದನ್ನೇ ಹೇಳಿತು.

"ಕೈ ನರ ತೆಗೆಯುತ್ತೀರಂತೆ. ಕಬ್ಬಿನ ಜಲ್ಲೆ ಹಿಡಿಯುವ ಕೈ ಇದೇ ಡಾಕ್ಟರೇ" ಎಂದರು. ನಮ್ಮ ಹಳ್ಳಿಗಳಲ್ಲಿ ರಕ್ತನಾಳವೂ ನರವೇ. "ನರ ಮುಟ್ಟುವುದಿಲ್ಲ ಯಜಮಾನರೇ, ರಕ್ತದ ಎರಡು ಕಾಲುವೆಗಳಲ್ಲಿ ಒಂದನ್ನು ತೆಗೆಯುತ್ತೇನೆ. ಹೆಬ್ಬೆರಳ ಬುಡ ಕೆಲವು ತಿಂಗಳು ಜೋಮು ಹಿಡಿದಂತೆ ಇರಬಹುದು, ಹಿಡಿತ ಹೋಗುವುದಿಲ್ಲ" ಎಂದೆ. ಹೆಂಡತಿಯ ಮುಖ ನೋಡಿ ತಲೆಯಾಡಿಸಿದರು.

ಕೈಯ ನಾಳವನ್ನು ಶೇ 95ರಷ್ಟು ಕಟ್ಟಿಕೊಂಡಿದ್ದ, ಹೃದಯದ ಎಡಪಕ್ಕದ ಕವಲಿಗೆ ಜೋಡಿಸಿದೆ. ಹೃದಯದ ಬಲಪಕ್ಕದ ನಾಳವಾದ ಬಲ ಕೊರೊನರಿಯಲ್ಲಿ ತಡೆ ಸುಮಾರು ಶೇ 70 ಮಾತ್ರ. ಮೂಲ ನಾಳದಲ್ಲೇ ರಕ್ತ ಜೋರಾಗಿ ಹರಿಯುತ್ತಿದ್ದರೆ ಕೈಯ ಅಪಧಮನಿ ಸೆಟೆದು ಸಣ್ಣದಾಗಿಬಿಡುತ್ತದೆ. ಹಾಗಾಗಿ ಅಲ್ಲಿಗೆ ಕಾಲಿನ ನಾಳವೇ ಸರಿ. ಅದರ ಕವಾಟಗಳು ರಕ್ತವನ್ನು ತಡೆಯದಂತೆ ತುದಿಬುಡ ಅದಲುಬದಲು ಮಾಡಿ ಹೊಲಿದೆ. ಸೋರಿಕೆ ನೋಡಲು ಸಿರಿಂಜಿನಿಂದ ತುಂಬಿಸುವಾಗ ಬೆರಳಿನ ಬಲ ಹಾಕಬಾರದೆಂದು ನನ್ನ ಸಹಾಯಕರಿಗೆ ಪ್ರತಿಸಲ ಹೇಳುತ್ತೇನೆ, ಆ ದಿನವೂ ಹೇಳಿದೆ. ಜೋರಾಗಿ ಒತ್ತಿದರೆ ಒಳಪದರ ಅಲ್ಲೇ ಹಾಳಾಗುತ್ತದೆ.

ಮೂರು ತಿಂಗಳಿಗೆ ಬಂದಾಗ ನನ್ನ ಎರಡು ಬೆರಳುಗಳನ್ನು ಎಡಗೈಯಲ್ಲಿ ಅಮುಕಿ ಹಿಡಿದು ತೋರಿಸಿದರು. ನಾಳ ತೆಗೆದ ಕಾಲಿನ ಪಾದದ ಊತ ಇನ್ನೂ ಇಳಿದಿರಲಿಲ್ಲ. ಬಿಗಿ ಕಾಲುಚೀಲ ಬಿಡಬೇಡಿ ಎಂದು ಅವರ ಹೆಂಡತಿಗೂ ಹೇಳಿ ಕಳುಹಿಸಿದೆ.