577101: ನಮ್ಮೂರ ಪಿನ್‌ಕೋಡ್ ಒಡೆದು ನೋಡಿದಾಗ

ಚಿಕ್ಕಮಗಳೂರಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತೇನೆ. ಅಪವರ್ತನದ ಪಾಠಕ್ಕೆ 36, 48 ಕೊಟ್ಟರೆ ಮಕ್ಕಳು ಪೆನ್ನೇ ಎತ್ತಲ್ಲ, ಉತ್ತರ ಬಾಯಲ್ಲೇ ಇರುತ್ತದೆ. ಅದಕ್ಕೇ ನಮ್ಮೂರ ಪಿನ್‌ಕೋಡನ್ನೇ ಬೋರ್ಡ್ ಮೇಲೆ ಬರೆದೆ: 577101. 1972ರಲ್ಲಿ ಪಿನ್ ಬಂದಾಗಿನಿಂದ ಅಂಚೆಯವರಿಗೆ ಆರಂಕಿ ಅಂದರೆ ವಿಳಾಸ. ನಮಗೆ ಸುಮ್ನೆ ಒಂದು ದೊಡ್ಡ ಸಂಖ್ಯೆ, ಅಷ್ಟೇ.

ಅಂಕಿಗಳನ್ನು ಕೂಡಿದರೆ 21. ಹಾಗಾಗಿ 3ರಿಂದ ಭಾಗ ಹೋಗುತ್ತದೆ, 192367 ಉಳಿಯುತ್ತದೆ. ಅದು 7ರಿಂದ ಹೋಗಿ 27481 ಸಿಗುತ್ತದೆ. ಇನ್ನು ಮುಂದಿನದು ಬೆವರಿನ ಕೆಲಸ. 27481ರ ವರ್ಗಮೂಲ 165 ಚಿಲ್ಲರೆ. ಅದರೊಳಗಿನ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಒಂದು ಅಪವರ್ತನ ಅದಕ್ಕಿಂತ ದೊಡ್ಡದಿದ್ದರೆ ಅದರ ಜೊತೆಯದು ಚಿಕ್ಕದೇ ಇರಬೇಕಲ್ವಾ? ಅಂಥವು 38 ಇವೆ. ಮಕ್ಕಳಿಗೆ ಹಂಚಿಬಿಟ್ಟೆ. 43ಕ್ಕೂ 71ಕ್ಕೂ ಶೇಷ 4. 151 ಸಿಕ್ಕ ಹುಡುಗ ಇನ್ನೇನು ಕೂಗಬೇಕು ಅನ್ನುವಷ್ಟರಲ್ಲಿ 151×182 = 27482 ಆಯಿತು. ಒಂದರಲ್ಲಿ ತಪ್ಪಿತು! 163ರವರೆಗೂ ಯಾವುದೂ ಹೋಗಲಿಲ್ಲ. 27481 ಅವಿಭಾಜ್ಯ.

ಅಲ್ಲಿಗೆ 577101 = 3×7×27481. ಮೂರು ಬೇರೆಬೇರೆ ಅವಿಭಾಜ್ಯಗಳ ಗುಣಲಬ್ಧವಾದ್ದರಿಂದ ಇದು ಸ್ಫೆನಿಕ್ ಸಂಖ್ಯೆ. ಭಾಜಕಗಳು ಎಂಟು. ತನ್ನನ್ನು ಬಿಟ್ಟು ಉಳಿದವನ್ನು ಕೂಡಿದರೆ 302323, ತನಗಿಂತ ಕಡಿಮೆ. ಹಾಗಾಗಿ ನ್ಯೂನ ಸಂಖ್ಯೆಯೂ ಹೌದು. ಬಿರುದುಗಳು ಇರಲಿ, ನನಗೆ ಅವುಗಳಲ್ಲಿ ಜಾಸ್ತಿ ರುಚಿಯಿಲ್ಲ.

ರುಚಿ ಇರುವುದು ವರ್ಗಗಳಲ್ಲಿ. 4ರಿಂದ ಭಾಗಿಸಿದಾಗ ಶೇಷ 1 ಬರುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ. ಫ್ರೆಂಚ್ ಗಣಿತಜ್ಞ ಫರ್ಮಾ 1640ರಲ್ಲಿ ತನ್ನ ಜೊತೆಯ ವಿದ್ವಾಂಸ ಮರ್ಸೆನ್‌ಗೆ ಬರೆದ ಪತ್ರದಲ್ಲಿ ಇದನ್ನು ಹೇಳಿದ. ಅದು ನಿಜ ಅನ್ನುವುದಕ್ಕೆ ಸಾಧನೆ (ಪುರಾವೆ) ಬರೆದುಕೊಟ್ಟವನು ಗಣಿತಜ್ಞ ಆಯ್ಲರ್, ನೂರು ವರ್ಷ ದಾಟಿದ ಮೇಲೆ. 27481ಕ್ಕೂ ಶೇಷ 1. ಮೇಲಿನಿಂದ ಹುಡುಕೋಣ ಅಂತ 165ರ ವರ್ಗ ತೆಗೆದೆವು: 16×17 = 272, ಪಕ್ಕಕ್ಕೆ 25, ಅಂದರೆ 27225. ಉಳಿದದ್ದು 256. ಅದು 16ರ ವರ್ಗ! ಇಷ್ಟು ಸಲೀಸಾಗಿ ಯಾವತ್ತೂ ಸಿಗಲ್ಲ.

ಹಾಸನದ 573201 ಇಷ್ಟು ಸುಲಭಕ್ಕೆ ಬಗ್ಗಲಿಲ್ಲ. ಅದು 9×63689, 63689 ಅವಿಭಾಜ್ಯ. 5ರಿಂದ ಭಾಗಿಸಿದರೆ ಶೇಷ 4. ವರ್ಗಗಳಿಗೆ 5ರಲ್ಲಿ ಶೇಷ 0, 1, 4 ಮಾತ್ರ, ಹಾಗಾಗಿ ಎರಡರಲ್ಲಿ ಒಂದು 5ರ ಗುಣಕವೇ ಆಗಬೇಕು. 250, 245, 240 ಆಗಲಿಲ್ಲ. 235ಕ್ಕೆ 8464 ಉಳಿಯಿತು, ಅದು 92ರ ವರ್ಗ. 9 ಅಂದರೆ 3ರ ವರ್ಗ, ಹಾಗಾಗಿ 235, 92 ಎರಡನ್ನೂ 3ರಿಂದ ಗುಣಿಸಿದರೆ ಹಾಸನದ ಪಿನ್ 705ರ ವರ್ಗ ಮತ್ತು 276ರ ವರ್ಗದ ಮೊತ್ತ.

ನಮ್ಮ 577101ಕ್ಕೆ ಆ ಯೋಗ ಇಲ್ಲ. 3ರಿಂದ ಭಾಗಿಸಿದರೆ ವರ್ಗಕ್ಕೆ ಶೇಷ 0 ಇಲ್ಲವೇ 1. ಎರಡು ವರ್ಗಗಳ ಮೊತ್ತ 3ಕ್ಕೆ ಹೋಗಬೇಕಾದರೆ ಎರಡೂ 3ಕ್ಕೆ ಹೋಗಬೇಕು, ಆಗ ಮೊತ್ತ 9ಕ್ಕೂ ಹೋಗುತ್ತದೆ. ಅಂಕಿಗಳ ಮೊತ್ತ 21, ಅದು 3ಕ್ಕೆ ಹೋಗುತ್ತದೆ, 9ಕ್ಕೆ ಹೋಗಲ್ಲ ಅಂದಾಗಲೇ ತೀರ್ಮಾನ ಆಗಿಹೋಗಿತ್ತು.

“ಸರ್, ನಮ್ಮಜ್ಜಿ ಊರು ಬೇಲೂರು, 573115. ಅದಾಗುತ್ತಾ?” ಅಂತ ಒಬ್ಬಳು ಕೇಳಿದಳು. ಕೊನೆಯ 15ನ್ನು 4ರಿಂದ ಭಾಗಿಸು ಅಂದೆ. ಶೇಷ 3 ಬಂತು. ವರ್ಗಗಳಿಗೆ 4ರಲ್ಲಿ ಶೇಷ 0 ಅಥವಾ 1, ಎರಡು ಸೇರಿದರೂ 3 ಆಗಲ್ಲ. ಪುಸ್ತಕ ಮುಚ್ಚಿ ಸಕಲೇಶಪುರದ್ದು ಹುಡುಕತೊಡಗಿದಳು.