ಧ್ಯಾನದಲ್ಲಿ ಆಲೋಚನೆಗಳು ಬಂದಾಗ ಏನು ಮಾಡಬೇಕು?

ಧ್ಯಾನಕ್ಕೆ ಕುಳಿತ ಕೂಡಲೇ ಆಲೋಚನೆಗಳು ಮುತ್ತಿಕೊಳ್ಳುವುದನ್ನು ಕಂಡು, ಇದು ತಮಗೆ ಒಗ್ಗುವುದಿಲ್ಲವೆಂದು ಎದ್ದುಬಿಡುವವರು ಬಹಳ. ಕೈಯಲ್ಲಿ ಕೆಲಸವಿಲ್ಲದಾಗ ಮನಸ್ಸು ನೆನಪು, ಯೋಜನೆಗಳತ್ತ ಹೊರಳುವುದು ಮಿದುಳಿನ ಸಹಜ ರೀತಿ. ವಿಶ್ರಾಂತಿಯಲ್ಲಿಯೂ ಮಿದುಳಿನ ಕೆಲವು ಭಾಗಗಳು ಚುರುಕಾಗಿರುತ್ತವೆಂಬುದನ್ನು ನರವಿಜ್ಞಾನಿ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು 2001ರಲ್ಲಿ ವಿವರಿಸಿದ್ದಾರೆ. ಆದ್ದರಿಂದ ಆಲೋಚನೆ ಬರುವುದನ್ನು ಸೋಲೆಂದು ಎಣಿಸದೆ, ಅದು ಬಂದ ಮೇಲೆ ನಾವು ನಡೆದುಕೊಳ್ಳುವ ಬಗೆಯನ್ನೇ ಅಭ್ಯಾಸವೆಂದು ತಿಳಿಯಬೇಕು.

ಬೆನ್ನು ನೇರವಾಗಿದ್ದು ದೇಹಕ್ಕೆ ಹಿತವಾಗುವಂತೆ, ನೆಲದ ಮೇಲಾಗಲಿ ಕುರ್ಚಿಯಲ್ಲಾಗಲಿ, ಹತ್ತು ಹದಿನೈದು ನಿಮಿಷ ಕುಳಿತರೆ ಆರಂಭಕ್ಕೆ ಸಾಕು. ಮೂಗಿನ ಹೊಳ್ಳೆಗಳಲ್ಲಿ ಅಥವಾ ಹೊಟ್ಟೆಯ ಏರಿಳಿತದಲ್ಲಿ ಉಸಿರಿನ ಸ್ಪರ್ಶ ಎಲ್ಲಿ ಸ್ಪಷ್ಟವಾಗಿ ತಿಳಿಯುವುದೋ ಅಲ್ಲಿ ಗಮನವನ್ನಿಡಿ. ಉಸಿರನ್ನು ತಿದ್ದಲು ಹೋಗಬೇಡಿ.

ಸ್ವಲ್ಪ ಹೊತ್ತಿನಲ್ಲೇ ಉಸಿರು ಮರೆತು, ನಾಳಿನ ಕೆಲಸದ ಲೆಕ್ಕಾಚಾರದ ನಡುವೆ ಎಚ್ಚರವಾಗುತ್ತದೆ. ಇಡೀ ಅಭ್ಯಾಸದಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಎಚ್ಚರವಾಗುವ ಕ್ಷಣ. ಆಗ 'ಯೋಜನೆ', 'ನೆನಪು', 'ಚಿಂತೆ' ಎಂದು ಒಂದೇ ಪದದಲ್ಲಿ ಮನಸ್ಸಿನೊಳಗೆ ಗುರುತಿಸಿ, ಬೇಸರಪಟ್ಟುಕೊಳ್ಳದೆ ಉಸಿರಿಗೆ ಮರಳಿ. ಬರ್ಮಾದ ಭಿಕ್ಷು ಮಹಾಸಿ ಸಯಾಡೊ ಅವರ ಪರಂಪರೆಯಲ್ಲಿ ಹೀಗೆ ಹೆಸರಿಸುವ ಕ್ರಮವೇ ಸಾಧನೆಯ ಮುಖ್ಯ ಅಂಗವಾಗಿದೆ. ಆಲೋಚನೆ ಎಲ್ಲಿಂದ ಬಂತು, ಏಕೆ ಬಂತು ಎಂದು ಹುಡುಕುತ್ತ ಹೋದರೆ ಅದೇ ಮತ್ತೊಂದು ಆಲೋಚನಾ ಸರಣಿಯಾಗುತ್ತದೆ.

ಆಲೋಚನೆಯನ್ನು ಬಲವಂತವಾಗಿ ಅದುಮುವ ಪ್ರಯತ್ನವಂತೂ ಬೇಡ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬಾರದೆಂದು ಸೂಚನೆ ಪಡೆದವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಮುಂದೆ ಅದನ್ನು ನೆನೆಯಲು ಅನುಮತಿ ದೊರೆತಾಗ, ಮೊದಲಿನಿಂದಲೇ ನೆನೆಯಲು ಅನುಮತಿ ಪಡೆದಿದ್ದವರಿಗಿಂತ ಅವರೇ ಹೆಚ್ಚಾಗಿ ನೆನೆದರು. ಯೋಗಸೂತ್ರಗಳಲ್ಲಿ ಪತಂಜಲಿ ಹೇಳುವ ಚಿತ್ತವೃತ್ತಿನಿರೋಧವನ್ನು, ಅಂದರೆ ಮನಸ್ಸಿನ ಚಲನೆಗಳು ನಿಲ್ಲುವುದನ್ನು, ಈ ಬಗೆಯ ಅದುಮುವಿಕೆಯೆಂದು ಭಾವಿಸುವುದು ಸರಿಯಲ್ಲ; ಅದಕ್ಕೆ ಅವರೇ ಸೂಚಿಸುವ ಉಪಾಯಗಳು ಅಭ್ಯಾಸ ಮತ್ತು ವೈರಾಗ್ಯ.

ಹೀಗೆ ಮರಳುತ್ತಿರುವಾಗ, ಹಲವೊಮ್ಮೆ ಉಸಿರು ಹೊರಹೋಗಿ ಮುಗಿಯುವ ಹೊತ್ತಿಗೆ, ಯಾವ ಮಾತೂ ಇಲ್ಲದ ಚಿಕ್ಕ ತೆರಪೊಂದು ಕಾಣಬಹುದು. 'ಮೌನ ಬಂತು' ಎಂದು ಹಿಗ್ಗಿದ ಕೂಡಲೇ ಅದು ಮುಗಿದಿರುತ್ತದೆ, ಏಕೆಂದರೆ ಆ ಹಿಗ್ಗೂ ಒಂದು ಆಲೋಚನೆಯೇ. ಅದನ್ನೂ ಗುರುತಿಸಿ ಉಸಿರಿಗೆ ಮರಳಿ. ಮರುದಿನ ಅದೇ ತೆರಪಿಗಾಗಿ ಕಾದು ಕುಳಿತವರಿಗೆ ಸಾಮಾನ್ಯವಾಗಿ ಸಿಗುವುದು ಕಾಯುವಿಕೆ ಮಾತ್ರ.

ಎಲ್ಲ ನಿಶ್ಶಬ್ದವೂ ಮೌನವಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಪತಂಜಲಿ ನಿದ್ರೆಯನ್ನೂ ಚಿತ್ತದ ಐದು ವೃತ್ತಿಗಳಲ್ಲಿ ಒಂದಾಗಿ ಎಣಿಸಿದ್ದಾರೆ; ಅದ್ವೈತ ವೇದಾಂತದ ಆಚಾರ್ಯ ಗೌಡಪಾದರು ಲಯದಲ್ಲಿ, ಅಂದರೆ ನಿದ್ದೆಯಂಥ ಜಡತೆಯಲ್ಲಿ, ಮುಳುಗಿದ ಚಿತ್ತವನ್ನು ಎಚ್ಚರಿಸಬೇಕು, ಚದುರಿದ್ದನ್ನು ಶಮನಗೊಳಿಸಬೇಕು ಎನ್ನುತ್ತಾರೆ. ಮೌನದಲ್ಲಿ ಉಸಿರಿನ ಸ್ಪರ್ಶವೂ ಸುತ್ತಲಿನ ಸದ್ದುಗಳೂ ಮೊದಲಿಗಿಂತ ನಿಚ್ಚಳವಾಗಿರುತ್ತವೆ. ಲಯದಲ್ಲಿ ಅವು ಮಸುಕಾಗಿ, ತಲೆ ಬಾಗಿ, ಎದ್ದಾಗ ಮಂಕು ಕವಿದಿರುತ್ತದೆ. ಇಂಥ ಮಂಪರನ್ನೇ ಸಾಧನೆಯ ಫಲವೆಂದು ನಂಬಿ ಮುಂದುವರಿಯುವುದು, ನನ್ನ ದೃಷ್ಟಿಯಲ್ಲಿ, ಆಲೋಚನೆಗಳ ಗದ್ದಲಕ್ಕಿಂತ ದೊಡ್ಡ ತೊಡಕು. ಮಂಪರು ಕವಿದಾಗ ಕಣ್ಣನ್ನು ಅರೆ ತೆರೆದು, ಬೆನ್ನನ್ನು ನೆಟ್ಟಗೆ ಮಾಡಿ; ಅದರಿಂದಲೂ ಹೋಗದಿದ್ದರೆ ಎದ್ದು ನಿಧಾನವಾಗಿ ನಡೆಯುತ್ತ, ಅಂಗಾಲಿನ ಸ್ಪರ್ಶವನ್ನು ಗಮನಿಸಿ.

ಸಿಟ್ಟು, ಭಯಗಳು ಬೆರೆತ ಆಲೋಚನೆ ಹೆಸರಿಸಿದ ಮಾತ್ರಕ್ಕೆ ಸಡಿಲವಾಗುವುದಿಲ್ಲ. ಅದರ ಕಥೆಯನ್ನು ಬಿಟ್ಟು, ಎದೆಯ ಬಿಗಿತ, ಗಂಟಲಿನ ಒತ್ತಡ ಮುಂತಾಗಿ ದೇಹದಲ್ಲಿ ಅದು ಕಾಣಿಸಿಕೊಳ್ಳುವ ಜಾಗಕ್ಕೆ ಗಮನವನ್ನು ಒಯ್ಯಿರಿ. ಹಳೆಯ ಆಘಾತದ ನೆನಪುಗಳು ಮರುಕಳಿಸಿ ತಡೆಯಲಾಗದಂತಾದರೆ ಕಣ್ತೆರೆದು ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಅನುಭವಿ ಮಾರ್ಗದರ್ಶಕರನ್ನು ಅಥವಾ ಮನೋವೈದ್ಯರನ್ನು ಕಂಡ ನಂತರವೇ ಮುಂದುವರಿಸುವುದು ಒಳ್ಳೆಯದು.